ದಳವಾಯಿ ಕಡೆಯ ಬೀಗಿತ್ತಿ

ಚಿಕುನ್‌ಗುನ್ಯ ಬಂದವರಿಗೆ ಗೊತ್ತಿರುತ್ತದೆ, ಜ್ವರ ನಾಲ್ಕು ದಿನಕ್ಕೆ ಹೊರಟುಹೋದರೂ ಗೆಣ್ಣುಗಳು ತಿಂಗಳುಗಟ್ಟಲೆ ಅದರ ಪರವಾಗಿ ವಾದಿಸುತ್ತಿರುತ್ತವೆ. ಕಳೆದ ಮಳೆಗಾಲದ ಕೊನೆಯಲ್ಲಿ ದಾವಣಗೆರೆಯಲ್ಲಿ ನಮ್ಮ ಸರಸ್ವತಿ ನಗರದ ಅರ್ಧ ಬೀದಿ ಹೀಗೆ ಮಂಚ ಹಿಡಿದಿತ್ತು. ವಿದ್ಯಾನಗರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿರುವ ನಾನೂ ಪಾಠ ಬಿಟ್ಟು ಮಲಗಿದ್ದೆ. ಮೊಬೈಲು ಹಿಡಿಯಲು ಬೆರಳು ಬಾಗುತ್ತಿರಲಿಲ್ಲ. ನನ್ನ ನರಳಾಟಕ್ಕಿಂತ ನನ್ನ ಗೊಣಗಾಟವೇ ಹೆಚ್ಚೆನಿಸಿದಾಗ ಅಮ್ಮ ಮಂಚದ ಕೆಳಗಿನ ಟ್ರಂಕು ಎಳೆದು, ಕೈಗೆ ಸಿಕ್ಕ ಪುಸ್ತಕವೊಂದನ್ನು ದಿಂಬಿನ ಮೇಲೆ ಬಿಚ್ಚಿಟ್ಟು ಹೋದಳು. ಅದು ಯಾವ ಪುಸ್ತಕವೆಂದು ಅವಳು ನೋಡಿರಲಿಲ್ಲ. ದಪ್ಪವಾದದ್ದಾದರೆ ಮಗಳು ಹೆಚ್ಚು ಹೊತ್ತು ಸುಮ್ಮನಿರುತ್ತಾಳೆ ಎಂಬುದಷ್ಟೇ ಅವಳ ವಿಮರ್ಶಾ ಮಾನದಂಡ.

ಅದೊಂದು ಐತಿಹಾಸಿಕ ಪ್ರೇಮ ಕಾದಂಬರಿ. ಮುಖಪುಟ ಹರಿದುಹೋಗಿ ಎಷ್ಟೋ ವರ್ಷಗಳಾಗಿರುವುದರಿಂದ ಹೆಸರು ಹೇಳಲಾರೆ. ಹರಿಹರದಲ್ಲಿ ನನ್ನ ಅತ್ತೆಯ ಓಣಿಯ ಹೆಂಗಸರು ಅದನ್ನು ‘ರಾಣಿ ಕಥೆ’ ಎನ್ನುತ್ತಿದ್ದರು. ಒಂದು ಸಣ್ಣ ಕೋಟೆ, ತಂದೆಯನ್ನು ಕಳೆದುಕೊಂಡು ಪಟ್ಟಕ್ಕೆ ಬಂದ ಇಪ್ಪತ್ತರ ಹೊನ್ನಾಂಬೆ, ಅವಳ ಕೈ ಬಯಸುವ ಮೂವರು ಗಂಡಸರು. ಮೊದಲನೆಯವನು ಕೋಟೆಯ ದಳವಾಯಿ, ಹೆಗಲ ಮೇಲೆ ಗಾಯ, ನಾಲಗೆಯ ಮೇಲೆ ಹಿಡಿತ. ಎರಡನೆಯವನು ಪಶ್ಚಿಮದ ಬಂದರಿನಿಂದ ಬರುವ ಕುದುರೆ ವ್ಯಾಪಾರಿ, ನಗು ಹೆಚ್ಚು, ನಂಬಿಕೆ ಕಡಿಮೆ. ಮೂರನೆಯವನು ರಾಣಿಯ ಓಲೆಗಳನ್ನು ಬರೆಯುವ ಓಲೆಕಾರ, ಬಡವ, ಮಾತುಗಾರ. ಪ್ರಭುತ್ವ, ಲಿಂಗ, ಭಾಷೆ ಎಂದು ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ನಾನು, ಕುದುರೆ ವ್ಯಾಪಾರಿ ಮಳೆಯಲ್ಲಿ ಬೆದರಿದ ಕುದುರೆಯ ಕಿವಿಯೊಳಗೆ ರಾಣಿಯ ಹೆಸರು ಹೇಳಿ ಸಮಾಧಾನಪಡಿಸುವ ಪುಟದಲ್ಲಿ ಗೆಣ್ಣಿನ ನೋವು ಮರೆತು ದಿಂಬನ್ನು ಅಪ್ಪಿಕೊಂಡೆ. ನನ್ನ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಈ ವಾಕ್ಯವನ್ನು ಬಿಟ್ಟು ಮುಂದೆ ಹೋಗಬೇಕು.

ಆದರೆ ಆ ಪುಸ್ತಕದಲ್ಲಿ ನಾನೊಬ್ಬಳೇ ಇರಲಿಲ್ಲ. ಪುಟದ ಅಂಚಿನಲ್ಲಿ ಬೆರಳಿನ ಗುರುತುಗಳಿದ್ದವು, ಮೂರು ಬಣ್ಣದವು. ಅರಿಶಿನದ್ದು, ಕುಂಕುಮದ್ದು, ಕಾಡಿಗೆಯದು.

ಈ ಗುರುತುಗಳ ಕಥೆ ಹೇಳಬೇಕಾದರೆ ನನ್ನ ಸೋದರತ್ತೆ ಗಿರಿಜತ್ತೆಯ ಪಡಸಾಲೆಗೆ ಬರಬೇಕು. ಅಪ್ಪನ ಅಕ್ಕ ಅವಳು. ಹರಿಹರದ ಹಳೇ ಪೇಟೆಯಲ್ಲಿ ಮನೆ. ಬೇಸಿಗೆ ರಜೆಯೆಂದರೆ ನನಗೆ ಆ ಪಡಸಾಲೆಯ ತಣ್ಣನೆಯ ಕಡಪ ಕಲ್ಲು, ಒಂದು ಬೋಗುಣಿ ಒಗ್ಗರಣೆ ಮಂಡಕ್ಕಿ ಮತ್ತು ಭಾನುವಾರ ಮಧ್ಯಾಹ್ನ ಮೂರರ ಓದು. ಊಟದ ಪಾತ್ರೆ ತೊಳೆದು, ನಲ್ಲಿ ನೀರು ಬರುವುದಕ್ಕೆ ಮೊದಲು, ಓಣಿಯ ಏಳೆಂಟು ಹೆಂಗಸರು ಹತ್ತಿಯ ಬುಟ್ಟಿ ಹಿಡಿದು ಬಂದು ಕೂಡುತ್ತಿದ್ದರು. ಕೈ ಹೂಬತ್ತಿ ಮಾಡುತ್ತಿತ್ತು, ಕಿವಿ ಅತ್ತೆಯ ಕಡೆ ಇರುತ್ತಿತ್ತು. ಅತ್ತೆ ಗಟ್ಟಿಯಾಗಿ ಓದುತ್ತಿದ್ದಳು.

ಆ ಕೂಟಕ್ಕೆ ಕಟ್ಟಳೆಗಳಿದ್ದವು. ಒಂದು ಭಾನುವಾರಕ್ಕೆ ಒಂದೇ ಅಧ್ಯಾಯ. ಓದುವವಳು ಒಂದು ಸಾಲನ್ನೂ ಹಾರಿಸುವಂತಿಲ್ಲ, ಕೇಳುವವರು ನಡುವೆ ಏಳುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು, ಯಾರೂ ಒಬ್ಬೊಬ್ಬರೇ ಮುಂದಕ್ಕೆ ಓದಿಕೊಳ್ಳುವಂತಿಲ್ಲ. ಪುಸ್ತಕ ಅತ್ತೆಯ ಗೂಡಿನಲ್ಲೇ ಇದ್ದರೂ ವಾರವಿಡೀ ಅವಳು ಅದನ್ನು ಮುಟ್ಟುತ್ತಿರಲಿಲ್ಲ. ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ, ಮದುವೆ ಮಾತುಕತೆಯ ಹಿರಿಯಳಂತೆ, "ಹೂಂ, ಯಾರ ಕಡೆಯಿಂದ ಏನು ಮಾತೈತೆ, ಹೇಳ್ರಿ" ಎನ್ನುತ್ತಿದ್ದಳು. ಏಕೆಂದರೆ ಅಲ್ಲಿ ಎಲ್ಲರೂ ಬೀಗರು. ರಾಣಿಗೆ ಬಂದ ಮೂರು ಸಂಬಂಧಗಳಲ್ಲಿ ಒಂದೊಂದರ ಕಡೆಗೆ ಒಂದಿಷ್ಟು ಜನ. ಗಿರಿಜತ್ತೆ ದಳವಾಯಿ ಕಡೆ. ಭಾನುವಳ್ಳಿಯಿಂದ ಮದುವೆಯಾಗಿ ಬಂದಿದ್ದ, ದನಿಯನ್ನು ಇಳಿಸಲು ಬಾರದ ರುದ್ರಮ್ಮ ಕುದುರೆ ವ್ಯಾಪಾರಿ ಕಡೆ. ಎದುರು ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದ ಮೆದು ಮಾತಿನ ಕೊಟ್ರಮ್ಮ ಓಲೆಕಾರನ ಕಡೆ. ತಮ್ಮ ಹುಡುಗ ಮೆಚ್ಚುವಂಥ ಮಾತಾಡಿದಲ್ಲಿ ಆಯಾ ಕಡೆಯವರು ಪುಟಕ್ಕೆ ತಮ್ಮ ಬಣ್ಣದ ಬೆರಳು ಒತ್ತುತ್ತಿದ್ದರು.

"ಏನ್ರೀ ಬೀಗಿತ್ತಿ, ನಿಮ್ಮ ದಳವಾಯಿಗೆ ಬಾಯಿ ಇಲ್ಲೇನು? ಎದುರಿಗೆ ಹುಡುಗಿ ನಿಂತಾಳೆ, ಇವ ಗಡಿ ಕಾಯೋ ಮಾತಾಡ್ತಾನೆ" ಎಂದು ರುದ್ರಮ್ಮ ಕೆಣಕುತ್ತಿದ್ದಳು.

"ಗಡಿ ಕಾಯ್ದ್ರೆ ತಾನೇ ಹುಡುಗಿ ಉಳಿಯೋದು? ನಿಮ್ಮಂವ ಊರೂರಿಗೆ ಒಂದು ಲಾಯ, ಲಾಯಕ್ಕೊಂದು ಹೆಂಡತಿ ಇಟ್ಟಿರ್ತಾನೆ, ವಿಚಾರ್ಸಿ ನೋಡ್ರಿ" ಎಂದು ಅತ್ತೆ.

"ಇದ್ರೆ ಇರ್ಲಿ ಬಿಡ್ರಿ, ನಗಿಸ್ತಾನೆ!"

ಕೊಟ್ರಮ್ಮ ಜಗಳಕ್ಕೆ ಬರುತ್ತಿರಲಿಲ್ಲ. ಬತ್ತಿ ತಿರುವುತ್ತ ಒಂದೇ ಮಾತು: "ನಮ್ಮ ಹುಡುಗ ಅವಳ ಜೋಡಿ ಮಾತಾಡ್ತಾನಲ್ಲ್ರಿ. ನಮ್ಮ ಮನಿಯೋರು ಮೂವತ್ತು ವರ್ಷದಾಗೆ ಮೂವತ್ತು ಮಾತಾಡಿಲ್ಲ. ಅದ್ರಾಗೂ ಹತ್ತು ‘ಉಪ್ಪು ಹಾಕು’."

ಈ ನಗೆಯ ನಡುವೆ ನಾನು ಅತ್ತೆಯ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ಏಳು ವರ್ಷದವಳಿಗೆ ವರರಲ್ಲಿ ಆಸಕ್ತಿಯಿರಲಿಲ್ಲ. ನಾನು ಕುದುರೆಯ ಕಡೆ. ರುದ್ರಮ್ಮ ನನ್ನನ್ನು ತಮ್ಮ ಕಡೆಗೇ ಸೇರಿಸಿಕೊಂಡು ಬೆರಳಿಗೆ ಕುಂಕುಮ ಅದ್ದಿ ಒತ್ತಿಸಿದ್ದಳು. ಅದು ಈ ಕಥೆಯ ಮೊದಲನೇ ಸುತ್ತು. ಮೊದಲ ಸುತ್ತಿನಲ್ಲಿ ಹತ್ತನೆಯ ಅಧ್ಯಾಯಕ್ಕೇ ರುದ್ರಮ್ಮನ ಮಗಳ ಬಾಣಂತನ ಬಂದು ಓದು ನಿಂತಿತಂತೆ. ಹಾಗೆ ನಿಂತು, ಬೇರೆ ಪುಸ್ತಕಗಳು ಬಂದುಹೋಗಿ, ಮತ್ತೆ ಮೊದಲಿನಿಂದ ಶುರುವಾದದ್ದು ನಾನು ಎಂ.ಎ. ಓದುತ್ತಿದ್ದಾಗ.

ಎಂ.ಎ. ಓದುತ್ತಿದ್ದಾಗ ಎಂದೆ. ಆಗ ನನಗೆ ಎಲ್ಲರಿಂದಲೂ ಉತ್ತರ ಬೇಕಿತ್ತು. ಹಾಸ್ಟೆಲಿನ ನೀರಿಗೆ ವಾರ್ಡನ್, ಪಠ್ಯದಲ್ಲಿ ಹೆಂಗಸರಿಲ್ಲದ್ದಕ್ಕೆ ವಿಭಾಗ, ಮೆರವಣಿಗೆಗೆ ಅನುಮತಿ ಕೊಡದ್ದಕ್ಕೆ ಠಾಣೆ, ಎಲ್ಲರೂ ನನಗೆ ಲಿಖಿತವಾಗಿ ಉತ್ತರಿಸಬೇಕಿತ್ತು. ಈಗಲೂ ಬೇಕು, ಆ ಹಟವನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಆ ವರ್ಷ, ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ನಾನೊಂದು ಲೇಖನ ಬರೆದೆ. ಶೀರ್ಷಿಕೆ ‘ಮಧ್ಯಾಹ್ನದ ಅಫೀಮು’. ರಮ್ಯ ಕಾದಂಬರಿಗಳು ಹೆಣ್ಣಿನ ಸಿಟ್ಟನ್ನು ಹೇಗೆ ನಿದ್ದೆ ಮಾಡಿಸುತ್ತವೆ ಎಂಬುದು ವಿಷಯ. ಉದಾಹರಣೆ ಬೇಕಿತ್ತು. ಉದಾಹರಣೆ ನನ್ನ ಕಣ್ಣೆದುರಿಗೇ ಬತ್ತಿ ಹೊಸೆಯುತ್ತ ಕೂತಿತ್ತು.

ಲೇಖನ ಬಂದ ಬೆಳಿಗ್ಗೆಯೇ ಅತ್ತೆಯ ಫೋನು. "ನಮ್ಮ ಓದಿಂದು ಪೇಪರ್‌ನಾಗೆ ಬಂದೈತಂತೆ! ರುದ್ರಮ್ಮ ನಾಕು ಪೇಪರ್ ತಂದಾಳೆ. ಮೂರು ಗಂಟೆಗೆ ನೀನೂ ಬಂದುಬಿಡವ್ವ, ಎಲ್ಲಾರೂ ಕಾಯ್ತಿರ್ತಾರೆ." ಅವಳು ಓದಿಯೂ ಕರೆಯುತ್ತಿದ್ದಾಳೆ ಎಂದರೆ ಒಪ್ಪಿದ್ದಾಳೆ ಎಂದುಕೊಂಡೆ. ವಿಚಾರ ಮನೆಯನ್ನೂ ತಲುಪಿತಲ್ಲ ಎಂಬ ಹೆಮ್ಮೆಯಲ್ಲಿ ಹರಿಹರದ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಪಡಸಾಲೆಯಲ್ಲಿ ಒಂದು ಕುರ್ಚಿ, ಅದು ನನಗೆ. ಉಳಿದವರೆಲ್ಲ ಚಾಪೆಯ ಮೇಲೆ, ಪೆಟ್ಟಿಗೆಯಿಂದ ತೆಗೆದ ಸೀರೆಗಳಲ್ಲಿ. ಕೊಟ್ರಮ್ಮ ತಾನೇ ಅಂಚು ಹೊಲಿದ ರವಿಕೆ ಕಣವನ್ನು ತೆಂಗಿನಕಾಯಿಯ ಜೊತೆ ನನ್ನ ಉಡಿಗೆ ಹಾಕಿದಳು. ಗೂಡಿನಿಂದ ಅತ್ತೆ ಪೇಪರು ತೆಗೆದಳು. ಅದು ಬೆಳಿಗ್ಗೆ ಬಂದಾಗ ಹೇಗೆ ಮಡಿಚಿತ್ತೋ ಹಾಗೆಯೇ ಇತ್ತು.

ಒಬ್ಬರೇ ಮುಂದಕ್ಕೆ ಓದುವಂತಿಲ್ಲವಲ್ಲ. ಆ ಕಟ್ಟಳೆಯನ್ನು ಅವರು ನನ್ನ ಲೇಖನಕ್ಕೂ ಅನ್ವಯಿಸಿದ್ದರು. ನಾಲ್ಕು ಪ್ರತಿಗಳಲ್ಲಿ ಒಂದನ್ನೂ ಯಾರೂ ತೆರೆದಿರಲಿಲ್ಲ.

"ಅತ್ತೆ, ಅದನ್ನ ನೀವು ಆಮೇಲೆ ನಿಧಾನಕ್ಕೆ ಓದ್ಕೊಳ್ಳಿ" ಎಂದೆ.

"ಸುಮ್ನೆ ಕೂಡು ಪುಟ್ಟಿ. ನಾಚ್ಕೊಂತಾಳೆ ನೋಡ್ರಿ!" ಎಂದು ರುದ್ರಮ್ಮ.

ಅತ್ತೆ ಕನ್ನಡಕ ಏರಿಸಿ ಶುರುಮಾಡಿದಳು. ಮೊದಲೆರಡು ಪ್ಯಾರಾ ಪೀಠಿಕೆ. "‘ದುಡಿದು ದಣಿದ ಹೆಣ್ಣಿನ ಮಧ್ಯಾಹ್ನವನ್ನು ಈ ಕಾದಂಬರಿಗಳು ಕದಿಯುತ್ತವೆ.’" ರುದ್ರಮ್ಮ ತೊಡೆ ತಟ್ಟಿದಳು. "ಕದೀತಾವೆ ನೋಡ್ರಿ, ಖರೆ! ನಮ್ಮನೆ ಹಾಲು ಎಷ್ಟು ಸಲ ಉಕ್ಕೈತೆ!" ಎಲ್ಲರೂ ನಕ್ಕರು. ಮೂರನೆಯ ಪ್ಯಾರಾ, "‘ಹರಿಹರದ ಒಂದು ಪಡಸಾಲೆಯಲ್ಲಿ.’" ಸೆರಗುಗಳು ಸರಿಯಾದವು. ಫೋಟೋ ತೆಗೆಯುವವರ ಮುಂದೆ ಕೂತಂತೆ ಎಲ್ಲರೂ ನೆಟ್ಟಗಾದರು.

"‘ತಮ್ಮ ಬದುಕಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಾರದ ಈ ಹೆಂಗಸರು ಕಾಗದದ ಗಂಡಸರಿಗಾಗಿ ಕಚ್ಚಾಡುತ್ತಾರೆ. ಬಣ್ಣ ಬಳಿದ ಸಂಕೋಲೆಯನ್ನು ಒಡವೆಯೆಂದು ತಿಳಿದು, ಅದನ್ನು ತೊಡಿಸುವವನಿಗಾಗಿ ಕಾಯುತ್ತಾರೆ. ಇವರ ಈ ಸುಖ ಲಜ್ಜೆಗೇಡು.’"

"ಸಂಕೋಲೆ ಅಂದ್ರೆ ಏನ್ರಿ?" ಎಂದು ಯಾರೋ ಕೇಳಿದರು.

"ಬೇಡಿ" ಎಂದು ಅತ್ತೆ ಹೇಳಿ, ಮುಂದಿನ ಸಾಲಿಗೆ ಹೋದಳು.

ಅವಳು ನಿಲ್ಲಿಸಬಹುದಿತ್ತು. ಹಾರಿಸಬಹುದಿತ್ತು. ಓದುವವಳು ಹಾರಿಸುವಂತಿಲ್ಲ. ಕೇಳುವವರು ಏಳಬಹುದಿತ್ತು. ನಡುವೆ ಏಳುವಂತಿಲ್ಲ. ಕಾಲು ಗಂಟೆ, ದನಿ ಏರಿಸದೆ ಇಳಿಸದೆ, ಅಲ್ಪವಿರಾಮಗಳಿಗೂ ನ್ಯಾಯ ಒದಗಿಸಿ, ಗಿರಿಜತ್ತೆ ತನ್ನ ಮತ್ತು ತನ್ನ ಗೆಳತಿಯರ ಮೇಲಿನ ತೀರ್ಪನ್ನು ತಾನೇ ಓದಿದಳು. ನನ್ನ ಉಡಿಯಲ್ಲಿ ತೆಂಗಿನಕಾಯಿ ಇತ್ತು. ಕೊನೆಗೆ ಪೇಪರು ಮಡಿಚಿ, ಅಭ್ಯಾಸ ಬಲದಿಂದ, "ಹೂಂ, ಯಾರ ಕಡೆಯಿಂದ ಏನು ಮಾತೈತೆ, ಹೇಳ್ರಿ" ಎಂದಳು.

ಕೊಟ್ರಮ್ಮ ಎದ್ದು, "ಚಾ ಇಡ್ತೀನಿ, ಹುಡುಗಿ ಊರಿಂದ ಬಂದೈತೆ" ಎಂದು ಒಳಗೆ ಹೋದಳು. ಚಹಾ ಮೊದಲು ನನಗೇ ಕೊಟ್ಟರು.

ಮುಂದಿನ ಭಾನುವಾರ ಮೂವರು ಬಂದರಂತೆ, ಅದರ ಮುಂದಿನ ವಾರ ಯಾರೂ ಇಲ್ಲ. ತಿಂಗಳ ಮೇಲೆ ಅತ್ತೆ ದಾವಣಗೆರೆಗೆ ಬಂದಾಗ ಕೈಚೀಲದಿಂದ ಕಾದಂಬರಿ ತೆಗೆದು ಕೊಟ್ಟಳು. "ಇದು ನಿನ್ನ ಓದಿಗೆ ಬೇಕಾಗ್ತೈತೆ, ಇಟ್ಕೊಳವ್ವ." ನಾನು ಇಟ್ಟುಕೊಂಡೆ. ಹೆಚ್ಚೇನೂ ಅನಿಸಲಿಲ್ಲ. ನಿಜ ಹೇಳಬೇಕೆಂದರೆ, ಒಂದು ಪಡಸಾಲೆ ಎಚ್ಚೆತ್ತಿತು ಎಂದೇ ಅಂದುಕೊಂಡೆ.

ಇದಾಗಿ ಆರು ವರ್ಷ. ಆ ಜ್ವರದ ದಿನಗಳಲ್ಲಿ ಮಂಚದ ಮೇಲೆ ಪುಟ ತಿರುವುತ್ತಿದ್ದಾಗ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಗುರುತುಗಳು ನಿಂತುಹೋದವು. ಆಮೇಲಿನ ಹದಿನಾಲ್ಕು ಅಧ್ಯಾಯಗಳ ಅಂಚು ಬಿಳಿ. ನನಗೆ ತಿಳಿಯಲು ಒಂದಿಷ್ಟು ಹೊತ್ತು ಹಿಡಿಯಿತು. ಅವರು ಕಥೆಯನ್ನು ಮುಗಿಸಿಯೇ ಇಲ್ಲ. ರಾಣಿ ಯಾರನ್ನು ಒಪ್ಪಿದಳೆಂದು ಆ ಪಡಸಾಲೆಯಲ್ಲಿ ಯಾರಿಗೂ ಗೊತ್ತಿಲ್ಲ. ಪುಸ್ತಕ ಕೊಡುವ ಮುನ್ನ ಅತ್ತೆ ಕೊನೆಯ ಪುಟವನ್ನಾದರೂ ಇಣುಕಿರಬಹುದೇ? ಇಲ್ಲ, ಅವಳನ್ನು ನಾನು ಬಲ್ಲೆ.

ಅಂದು ಸಂಜೆ ಅಂಗಡಿಯಿಂದ ಬಂದ ಅಪ್ಪನನ್ನು ಕೇಳಿದೆ: "ಅತ್ತೆ ಮದುವೆ ಗೊತ್ತು ಮಾಡುವಾಗ ಅವಳನ್ನ ಯಾರಾದರೂ ಕೇಳಿದ್ರಾ?"

"ಕೇಳೋದೇನು? ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡ್ಕೊಂಡು ಬಂದ್ಲು, ಮನೇಲಿ ಬೀಗ್ರು ಕೂತಿದ್ರು. ಆಗೆಲ್ಲ ಯಾರವ್ವ ಕೇಳ್ತಿದ್ರು? ನನ್ನೂ ಕೇಳಿಲ್ಲ."

"ನಿಮ್ಮನ್ನ ಕೇಳಿದ್ರೆ ಏನಂತಿದ್ರಿ, ಅದನ್ನ ಹೇಳ್ರಿ ಈಗ" ಎಂದು ಅಡುಗೆಮನೆಯಿಂದ ಅಮ್ಮ.

ಅಪ್ಪ ಸ್ನಾನಕ್ಕೆ ಹೋದ. ಹೀಗೆಯೇ ನಮ್ಮ ಮನೆಗಳಲ್ಲಿ ಉತ್ತರದಾಯಿತ್ವ ಬಚ್ಚಲಿಗೆ ಹೋಗುತ್ತದೆ. ಅಜ್ಜ, ಅಜ್ಜನ ಅಣ್ಣ, ಹುಡುಗಿಯ ಮಾರ್ಕ್ಸು ಕೇಳದೆ ಉಪ್ಪಿಟ್ಟು ತಿಂದು ಎದ್ದ ಹಿರಿಯರು, ಎಲ್ಲರನ್ನೂ ನಾನು ಸಾಲಾಗಿ ನಿಲ್ಲಿಸಿ ಕೇಳಬಲ್ಲೆ. ಕೇಳುತ್ತಲೂ ಇದ್ದೇನೆ. ತನಗೆ ಬಂದ ಒಬ್ಬನೇ ಒಬ್ಬ ವರನ ಬಗ್ಗೆ ಹೂಂ ಉಹೂಂ ಎನ್ನಲು ಅವಕಾಶವಿಲ್ಲದೆ ಹೋದವಳು, ಮೂವರನ್ನು ಎದುರು ನಿಲ್ಲಿಸಿಕೊಂಡು ಇವನ ನಡೆ ಸರಿಯಿಲ್ಲ, ಅವನ ನಗು ನಂಬುವಂಥದ್ದಲ್ಲ ಎಂದು ವಾರಕ್ಕೊಂದು ಗಂಟೆ ತೀರ್ಮಾನಿಸುತ್ತಿದ್ದಳು. ಅದನ್ನು ನಾನು ನಿದ್ದೆಯೆಂದು ಕರೆದೆ. ಅವಳ ಬಾಯಿಯನ್ನು ಮೊದಲ ಸಲ ಮುಚ್ಚಿಸಿದವರ ಪಟ್ಟಿ ಉದ್ದವಿದೆ. ಎರಡನೆಯ ಸಲ ಮುಚ್ಚಿಸಿದ್ದಕ್ಕೆ ಪಟ್ಟಿ ಬೇಕಿಲ್ಲ, ಒಂದು ಹೆಸರು ಸಾಕು. ಅದು ಲೇಖನದ ಕೆಳಗೆ ಅಚ್ಚಾಗಿದೆ.

ಮುಂದಿನ ಎರಡು ದಿನ ನಾನು ಉಳಿದದ್ದನ್ನು ಓದಿದೆ. ಕುದುರೆ ವ್ಯಾಪಾರಿ ಮುತ್ತಿಗೆಯ ಹಿಂದಿನ ದಿನ ಕೋಟೆ ಬಿಟ್ಟು ಹೋದ, ನನಗೆ ಅಳುವೇ ಬಂತು. ಓಲೆಕಾರ ಮಾಡಿದ್ದೊಂದು ಮೋಸ ಬಯಲಾಯಿತು. ಕೊನೆಯಲ್ಲಿ ರಾಣಿ ಕೈ ಚಾಚಿದ್ದು ದಳವಾಯಿಗೆ. ನನ್ನ ಹುಡುಗ ಸೋತ ದುಃಖ ಆರುವ ಮೊದಲೇ ಇನ್ನೊಂದು ಸಂತೋಷ ಹೊಳೆಯಿತು: ಗೆದ್ದದ್ದು ಗಿರಿಜತ್ತೆಯ ಕಡೆ! ಕಸಿದುಕೊಂಡದ್ದನ್ನು ಮರಳಿಸಲು ಇದಕ್ಕಿಂತ ಒಳ್ಳೆಯ ದಾರಿ ಯಾವುದು? ಆ ಹದಿನಾಲ್ಕು ಅಧ್ಯಾಯಗಳನ್ನು ಅವಳಿಗೆ ನಾನೇ ಓದಬೇಕು, ಕೊನೆಯಲ್ಲಿ ಅವಳು ನಗಬೇಕು.

ಹಳಬರನ್ನೂ ಕೂಡಿಸೋಣವೆಂದರೆ ಯಾರಿದ್ದಾರೆ? ಕೊಟ್ರಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ರುದ್ರಮ್ಮ ಭಾನುವಳ್ಳಿಯ ತವರಿನ ಗದ್ದೆ ನೋಡಿಕೊಂಡು ಅಲ್ಲೇ ಇದ್ದಾಳೆ. ಫೋನು ಮಾಡಿದೆ.

"ನಾಟಿ ಐತೆ ತಂಗಿ, ಬರಾಕಾಗಲ್ಲ. ನಮ್ಮ ಕುದುರೆ ಸಾಹುಕಾರ ಏನಾದ, ಅದನ್ನ ಹೇಳು."

"ಓಡಿಹೋದ, ರುದ್ರಮ್ಮಾರೆ."

"ಥೂ ಅವನ! ನಾನು ಅಷ್ಟು ವಹಿಸ್ಕೊಂಡು ಮಾತಾಡಿದ್ನಲ್ಲೇ!" ನಕ್ಕಳು. ಆಮೇಲೆ ದನಿ ಇಳಿಸಿದಳು, ಅದು ನಾನು ಮೊದಲ ಸಲ ಕೇಳಿದ್ದು. "ನಿನ್ನ ಮೇಲೆ ಒಂದು ವರ್ಷ ಸಿಟ್ಟಿತ್ತು ನೋಡು ನನಗೆ. ಬೈದೆ, ಮುಗೀತು. ಗಿರಿಜಕ್ಕ ಬೈಯಾಕಿ ಅಲ್ಲ. ಹುಷಾರು."

ಮೂರು ಭಾನುವಾರ ಹರಿಹರಕ್ಕೆ ಹೋದೆ. ವಾರಕ್ಕೊಂದೇ ಅಧ್ಯಾಯವೆಂಬ ಕಟ್ಟಳೆ ಮುರಿದು ಒಂದೊಂದು ದಿನ ನಾಲ್ಕೈದು ಓದಿದೆ. ಕಾರ್ಖಾನೆಯಿಂದ ನಿವೃತ್ತರಾದ ಮಾವ ಒಳಕೋಣೆಯಲ್ಲಿ ಟೀವಿಯ ಸುದ್ದಿ ಕೇಳುತ್ತಿದ್ದರು. ಪಡಸಾಲೆಯಲ್ಲಿ ನಾವಿಬ್ಬರೇ. "ಓದವ್ವ, ಕೇಳ್ತೀನಿ" ಎಂದಳು ಅತ್ತೆ. ಕೇಳಿದಳು. ಶಾಲೆಯ ಇನ್ಸ್‌ಪೆಕ್ಟರರ ಮುಂದೆ ಕೂತ ಮಗುವಿನ ಹಾಗೆ ಕೇಳಿದಳು. ನಾನು ಅಧ್ಯಾಯಕ್ಕೊಮ್ಮೆ ನಿಲ್ಲಿಸಿ, "ನಿಮ್ಮ ದಳವಾಯಿಗೆ ಬಾಯೇ ಇಲ್ವಲ್ಲ ಅತ್ತೆ" ಎಂದು ರುದ್ರಮ್ಮನ ಪಾತ್ರವನ್ನೂ ನಾನೇ ವಹಿಸಿ ಕೆಣಕಿದೆ. "ಇಲ್ಲ ಬಿಡು" ಎಂದಳು. "ಓಲೆಕಾರ ಮೋಸ ಮಾಡಿಬಿಟ್ನಲ್ಲ?" "ಅವರವರ ಕಷ್ಟ ಅವರಿಗೆ." ಯಾವ ಮಾತು ತಪ್ಪಾಗುತ್ತದೋ, ಯಾವುದು ಮತ್ತೆ ಪೇಪರಿನಲ್ಲಿ ಬರುತ್ತದೋ ಎಂದು ಅಳೆದು ಆಡಿದಂತೆ.

ಮೂರನೆಯ ಭಾನುವಾರ ಕೊನೆಯ ಅಧ್ಯಾಯ ಮುಗಿಸಿ, "ಅತ್ತೆ, ಗೆದ್ದಿದ್ದು ನಿಮ್ಮ ಕಡೆಯೇ" ಎಂದೆ. ನನ್ನ ದನಿಯಲ್ಲಿ ಸಿಹಿ ಹಂಚುವವರ ಉತ್ಸಾಹವಿತ್ತು.

"ದಳವಾಯಿಗೇ ಒಪ್ಪಿದ್ಲೇನು?"

"ಹೌದು."

"ಅಯ್ಯೋ" ಎಂದಳು. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. "ಹಂಗಾದ್ರೆ ನಾನು ಸುಳ್ಳು ಹೇಳಿದಂಗಾತಲ್ಲವ್ವ ಕೊಟ್ರಮ್ಮಂಗೆ."

ನನಗೆ ಅರ್ಥವಾಗಲಿಲ್ಲ.

"ಅವಳು ಮಲಗಿದ್ಲಲ್ಲ, ದಿನಾ ಗಂಜಿ ಕುಡಿಸಾಕೆ ಹೋಗ್ತಿದ್ದೆ. ಒಂದಿನ ಕೇಳಿದ್ಲು, ‘ಗಿರಿಜಕ್ಕ, ನಮ್ಮ ಹುಡುಗಂದು ಏನಾತು?’ ಅಂತ. ಮಗನ ಕೆಲ್ಸದ ವಿಚಾರ ಅಂದ್ಕೊಂಡೆ. ಆಮೇಲೆ ತಿಳೀತು, ಓಲೆಕಾರಂದು ಕೇಳ್ತಾಳೆ. ನಿಮ್ಮ ಹುಡುಗಗೇ ಆತು, ರಾಣಿ ಅವನನ್ನೇ ಒಪ್ಪಿದ್ಲು ಅಂದೆ. ‘ಹೆಂಗೆ ಒಪ್ಪಿದ್ಲು, ಏನಂದ್ಲು, ಎಲ್ಲಾ ಹೇಳು’ ಅಂದ್ಲು. ಹೆಂಗೆ ಹೇಳ್ಲಿ? ಪುಸ್ತಕ ನಿನ್ನತ್ರ ಇತ್ತು."

"ನನಗೊಂದು ಫೋನ್ ಮಾಡಬಾರದಿತ್ತಾ ಅತ್ತೆ? ಅದೇ ದಿನ ತರ್ತಿದ್ದೆ."

"ಮಾಡಿದ್ದೆ. ಏನೋ ಸಭೆದಾಗೆ ಇದ್ದೆ ನೀನು, ಹಿಂದೆ ಮೈಕ್ ಕೇಳ್ತಿತ್ತು. ಆ ಕಾದಂಬರಿ ಬೇಕು ಅಂತ ಹೆಂಗೆ ಕೇಳೋದು ಅಂತ ನಾಚಿಕೆ ಆತು. ಆರಾಮೇನವ್ವ ಅಂತ ಕೇಳಿ ಇಟ್ಟೆ."

ಆ ಫೋನು ನನಗೆ ನೆನಪಾಗಲಿಲ್ಲ. ಇಂದಿಗೂ ನೆನಪಾಗಿಲ್ಲ. ಯಾವ ಸಭೆ, ಯಾವ ಬೇಡಿಕೆ, ಯಾರಿಂದ ಉತ್ತರ ಕೇಳುತ್ತಿದ್ದೆ, ಒಂದೂ ಇಲ್ಲ.

"ಆಮೇಲೆ?"

"ಆಮೇಲೇನು, ನಾನೇ ಕಟ್ಟಿ ಹೇಳಿದೆ. ನಾಕು ದಿನ ಹೇಳಿದೆ. ದಿನಾ ಒಂದಿಷ್ಟು, ನಾಳೆಗೆ ಒಂದಿಷ್ಟು ಉಳಿಸ್ಕೊಂಡು. ಕಣ್ಣು ಮುಚ್ಕೊಂಡು ಕೇಳ್ತಿದ್ಲು, ನಗ್ತಿದ್ಲು. ಐದನೇ ದಿನ ಮಾತು ನಿಂತುಹೋತು." ಅತ್ತೆ ಮಡಿಲಲ್ಲಿದ್ದ ಕೈಗಳನ್ನು ನೋಡುತ್ತ, "ನಮ್ಮ ದಳವಾಯಿ ಸೋತಿದ್ರೆ ಚಲೋ ಇತ್ತು" ಎಂದಳು.

ಒಳಗೆ ಟೀವಿಯಲ್ಲಿ ಯಾರೋ ಯಾರಿಂದಲೋ ಉತ್ತರ ಕೇಳುತ್ತ ಕಿರುಚುತ್ತಿದ್ದರು. ನಾನು ಅವಳ ಕೈ ಹಿಡಿದುಕೊಂಡೆ. "ಅತ್ತೆ, ಆ ನಾಲ್ಕು ದಿನ ಏನು ಹೇಳಿದ್ರಿ? ನನಗೂ ಹೇಳಿ. ಅದೇ ನಿಜವಾದ ಕೊನೆ ಅಂದ್ಕೊಳ್ತೀನಿ."

ಮೊದಲ ಸಲ ಅವಳು ನನ್ನನ್ನು ನೇರವಾಗಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ನಿಧಾನಕ್ಕೆ ಕೈ ಬಿಡಿಸಿಕೊಂಡು, ಮೊಣಕಾಲಿನ ಮೇಲೆ ಭಾರ ಹಾಕಿ ಎದ್ದಳು.

"ಬ್ಯಾಡವ್ವ" ಎಂದಳು. "ನಿನಗೆ ಹೇಳಿದ್ರೆ ನೀನು ಬರೆದುಬಿಡ್ತೀಯ."